ತಹಜ್ಜುದ್ ಮತ್ತು ಅಕ್ಕನ ನಿದ್ದೆ

ನಿದ್ದೆಯ ವಿಷಯದಲ್ಲಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಮ್ಮದು ಹತ್ತಿ ಹಿಂಜುವ ಮನೆತನ. ಹುಬ್ಬಳ್ಳಿಯಲ್ಲಿ ಸಣ್ಣದೊಂದು ಗಾದಿ ಅಂಗಡಿ ಇದೆ. ನನ್ನ ಗಂಡ ಹತ್ತಿ ತುಂಬುತ್ತಾರೆ, ನಾನು ಅದರ ಮೇಲಿನ ಹೊದಿಕೆ, ಗಲೀಫು, ಹೊಲಿಯುತ್ತೇನೆ. ಊರಿಗೆಲ್ಲ ಹಾಸಿಗೆ ಮಾಡಿಕೊಡುವವಳಿಗೆ ದೇವರು ನಿದ್ದೆಯನ್ನೂ ಕೈತುಂಬ ಕೊಟ್ಟಿದ್ದಾನೆ. ಮದುವೆಯಾದ ಹೊಸತರಲ್ಲಿ ಅತ್ತೆ ಮೂರು ಸಲ ಕೂಗಿ, ನಾಲ್ಕನೆಯ ಸಲ ಮುಖಕ್ಕೆ ನೀರು ಚಿಮುಕಿಸಿ ನನ್ನನ್ನು ಎಬ್ಬಿಸುತ್ತಿದ್ದರು.

ಮನೆಯಲ್ಲಿ ನಾವು ಆಡುವುದು ಕನ್ನಡವೇ. ಉರ್ದು ಆಡುವ ಓಣಿಯ ಹೆಂಗಸರು ಇದಕ್ಕೆ ನಗುತ್ತಾರೆ, ನಗಲಿ ಬಿಡಿ. ಸಿಟ್ಟು ಬಂದಾಗ ಬಯ್ಯುವುದಕ್ಕೆ ಕನ್ನಡದಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ, ಮತ್ತು ನನಗೆ ಸಿಟ್ಟು ಬರುವುದು ಹೆಚ್ಚು. ಬಾಯಿ ಮೊದಲು ಓಡುತ್ತದೆ, ಬುದ್ಧಿ ಹಿಂದಿನಿಂದ ಬರುತ್ತದೆ. ಈ ಬಾಯಿಂದ ಆದ ಒಂದು ಅನಾಹುತವನ್ನೇ ಈಗ ಬರೆಯಹೊರಟಿದ್ದೇನೆ.

ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಕೊನೆಯ ಹನ್ನೊಂದು ತಿಂಗಳು ಹಾಸಿಗೆ ಹಿಡಿದು ಧಾರವಾಡದಲ್ಲಿ ಅಕ್ಕನ ಮನೆಯಲ್ಲಿದ್ದಳು. ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಭಾವನದು ಬೈಕ್ ರಿಪೇರಿಯ ಕೆಲಸ. ಅವ್ವನ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ರಾತ್ರಿ ಎರಡೆರಡು ತಾಸಿಗೆ ಎದ್ದು ಚಮಚೆಯಿಂದ ನೀರು ಕುಡಿಸುವುದು, ಎಲ್ಲವೂ ಅಕ್ಕನ ಪಾಲಿಗೆ. ನಾನು ಶುಕ್ರವಾರಕ್ಕೊಮ್ಮೆ ಡಬ್ಬಿಯಲ್ಲಿ ಏನಾದರೂ ಕಟ್ಟಿಕೊಂಡು ಹೋಗಿ, ಅವ್ವನ ಕೈ ಹಿಡಿದುಕೊಂಡು ಕೂತು, ಅತ್ತು, ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಅವ್ವ ಹೋದದ್ದು ರಾತ್ರಿ ಎರಡರಿಂದ ನಾಲ್ಕರ ನಡುವೆ. ಎರಡಕ್ಕೆ ನೀರು ಕುಡಿಸಿದ ಅಕ್ಕ ಅಲ್ಲೇ ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ನಾಲ್ಕಕ್ಕೆ ಎಚ್ಚರವಾಗಿ ನೋಡಿದರೆ ಅವ್ವನ ಕೈ ತಣ್ಣಗಾಗಿತ್ತು.

ನಲವತ್ತನೆಯ ದಿನದ ಊಟಕ್ಕೆ ಬಳಗವೆಲ್ಲ ಅಕ್ಕನ ಮನೆಯಲ್ಲಿ ಸೇರಿತ್ತು. ದೊಡ್ಡಮ್ಮ ಎಲ್ಲರ ಮುಂದೆ ಅಕ್ಕನ ಗಲ್ಲ ಹಿಡಿದು, "ಇಂಥಾ ಮಗಳು ಎಲ್ಲಾರಿಗೂ ಸಿಗಂಗಿಲ್ಲ ನೋಡ್ರಿ. ಸೇವಾ ಅಂದ್ರ ಇದು," ಅಂದರು. ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಈಗ ಹೇಳಲು ನಾಚಿಕೆಯಿಲ್ಲ, ಅದು ಹೊಟ್ಟೆಕಿಚ್ಚೇ. ನಾನೂ ಮಗಳಲ್ಲವೇ, ನನ್ನ ಗಲ್ಲ ಯಾರೂ ಹಿಡಿಯಲಿಲ್ಲವಲ್ಲ ಎಂದು. ನಾನು ಅಂದೆ: "ಸೇವಾ ಮಾಡಿದ್ದು ಖರೇ. ಆದ್ರ ಕಡೀ ಹೊತ್ತಿನ್ಯಾಗ ಗೊರಕಿ ಹೊಡಕೋತ ಮಲಗಿದ್ಲು. ಬಾಯಾಗ ಎರಡು ಹನಿ ನೀರು ಹಾಕೂರಿಲ್ದ ನಮ್ಮವ್ವ ಹೋದ್ಲು."

ಅಕ್ಕನ ಕೈಯಲ್ಲಿ ಅನ್ನದ ಸೌಟು ಇತ್ತು. ಅದನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದವಳು ನಾವೆಲ್ಲ ಹೊರಡುವವರೆಗೂ ಹೊರಗೆ ಬರಲಿಲ್ಲ. ಆವತ್ತಿನಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಮಾಫಿ ಕೇಳಲಿಲ್ಲವೇ ಎಂದರೆ, ಕೇಳಿದೆ. ಹೇಗೆ ಕೇಳಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಶಬೆ ಬರಾತ್ ರಾತ್ರಿ ಬರುವ ಮೊದಲು ಒಬ್ಬರನ್ನೊಬ್ಬರು ಮಾಫಿ ಕೇಳಿಕೊಳ್ಳುವ ರೂಢಿ ಇದೆ. ಮೊದಲೆಲ್ಲ ಮನೆಮನೆಗೆ ಹೋಗಿ, "ಹೇಳಿದ್ದು ಕೇಳಿದ್ದು ಹೊಟ್ಟ್ಯಾಗ ಹಾಕ್ಕೋರಿ," ಅನ್ನುತ್ತಿದ್ದರು. ಈಗ ಮೊಬೈಲಿಗೆ ಗುಲಾಬಿ ಹೂವಿನ ಚಿತ್ರ ಬರುತ್ತದೆ, ಕೆಳಗೆ "ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ" ಎಂದು ಅಚ್ಚು ಹಾಕಿರುತ್ತಾರೆ. ಬಂದದ್ದನ್ನು ಮುಂದೆ ತಳ್ಳಿದರೆ ಮುಗಿಯಿತು. ನಾನೂ ಹತ್ತಿಯ ವ್ಯಾಪಾರಿಗೆ, ಹಾಲಿನವನಿಗೆ, ಮಗಳ ಟ್ಯೂಷನ್ ಮಾಸ್ತರರಿಗೆ ತಳ್ಳಿದೆ, ಅದೇ ಸಾಲಿನಲ್ಲಿ ಅಕ್ಕನಿಗೂ ತಳ್ಳಿದೆ. ನೀಲಿ ಗೀಟು ಬಿತ್ತು, ಉತ್ತರ ಬರಲಿಲ್ಲ. ಮರುದಿನ ದೊಡ್ಡಮ್ಮ ಫೋನು ಮಾಡಿ, "ಏನ ಹುಚ್ಚಿ, ಹಾಲಿನವಗ ಕಳಿಸಿದ್ದನ್ನ ಅಕ್ಕಗೂ ಕಳಸ್ತೀಯೇನು?" ಎಂದು ಚೆನ್ನಾಗಿ ಝಾಡಿಸಿದರು. ನನಗೆ ಇನ್ನಷ್ಟು ಸಿಟ್ಟು ಬಂತು. ನಾನು ಕೇಳಿಯಾಯಿತು, ಕೊಡುವುದು ಬಿಡುವುದು ಅವಳಿಗೆ ಸೇರಿದ್ದು ಎಂದು ಎಲ್ಲರಿಗೂ ಹೇಳುತ್ತ ತಿರುಗಿದೆ.

ಈ ಚಳಿಗಾಲದಲ್ಲಿ ಭಾವ ನನ್ನ ಗಂಡನಿಗೆ ಫೋನು ಮಾಡಿದರು. ಅಕ್ಕನ ಹೃದಯದ ಕವಾಟ ಕೆಟ್ಟಿದೆ, ಎದೆ ಬಿಚ್ಚಿ ಬದಲಿಸಬೇಕು, ಧಾರವಾಡದ ಹತ್ತಿರ ಸತ್ತೂರಿನ ಆಸ್ಪತ್ರೆಯಲ್ಲಿ ಇನ್ನು ಇಪ್ಪತ್ತು ದಿನಕ್ಕೆ ಆಪರೇಷನ್. ಗಂಡ ಅಂಗಡಿಯಿಂದ ಬಂದು ಇಷ್ಟು ಹೇಳಿದರು. ಅವಳು ಹೋಗಿಬಿಟ್ಟರೆ? ನಾನಂದ ಆ ಮಾತನ್ನೇ ಕಿವಿಯಲ್ಲಿಟ್ಟುಕೊಂಡು ಹೋದರೆ? ನನಗೆ ಬೇರೆ ಏನೂ ತೋಚಲಿಲ್ಲ.

ಎರಡು ದಿನ ನನ್ನನ್ನು ನೋಡಿದ ಅತ್ತೆ ಮೂರನೆಯ ದಿನ ಕೇಳಿದರು, "ಯಾಕ, ಹೊಲಿಗಿ ಸೊಟ್ಟ ಹೊಂಟೈತಿ?" ಅತ್ತೆಗೆ ಎಪ್ಪತ್ತಾರು. ಮೊಣಕಾಲು ಕೈಕೊಟ್ಟು ಎಂಟು ವರ್ಷವಾಯಿತು, ಕುರ್ಚಿಯ ಮೇಲೆ ಕೂತೇ ನಮಾಜು ಮಾಡುತ್ತಾರೆ. ನಾನು ಎಲ್ಲ ಹೇಳಿಕೊಂಡೆ. ಅವರು ಜಪದ ತಸಬಿಯ ಮಣಿ ಎಣಿಸುತ್ತಲೇ, "ರಾತ್ರಿ ಎದ್ದು ಕೇಳು," ಅಂದರು.

"ಐದು ಹೊತ್ತು ಕೇಳಾಕತ್ತೇನಲ್ರಿ."

"ಐದು ಹೊತ್ತಿಂದು ನೀ ಮಾಡಾಕs ಬೇಕು, ಬಿಟ್ರ ತಪ್ಪು. ತಹಜ್ಜುದ್ ಹಂಗಲ್ಲ. ಮಾಡ್ಲಿಲ್ಲಂದ್ರ ಯಾರೂ ಕೇಳಂಗಿಲ್ಲ. ಯಾರೂ ಹೇಳದನ ನೀನಾಗೇ ಎದ್ದು ಹೋಗೂದು ಅದು. ಆದ್ರ ನೀ ಏಳಬೇಕಲ್ಲ ತಾಯಿ, ಅದs ದೊಡ್ಡ ಪ್ರಶ್ನಿ."

ಹೀಗೆ ಚುಚ್ಚಿದ ಮೇಲೆಯೇ ಅವರು ಕಲಿಸಲು ಶುರುಮಾಡಿದ್ದು. ರಾತ್ರಿಯ ಇಶಾ ನಮಾಜು ಮುಗಿಸಿ ಮಲಗಬೇಕು. ಸ್ವಲ್ಪವಾದರೂ ನಿದ್ದೆ ಮಾಡಿ ಏಳಬೇಕು. ಮಲಗದೆ ಮಾಡಿದರೆ ಅದು ರಾತ್ರಿಯ ನಮಾಜು ಹೌದು, ಪುಣ್ಯವೂ ಹೌದು, ಆದರೆ ತಹಜ್ಜುದ್ ಅನ್ನುವುದು ನಿದ್ದೆಯಿಂದ ಎದ್ದು ಮಾಡಿದ್ದಕ್ಕೆ. ರಾತ್ರಿಯನ್ನು ಮೂರು ಪಾಲು ಮಾಡಿದರೆ ಕೊನೆಯ ಪಾಲು ಎಲ್ಲಕ್ಕಿಂತ ಒಳ್ಳೆಯದು, ಬೆಳಗಿನ ಫಜರ್ ಹೊತ್ತು ಶುರುವಾಗುವುದರೊಳಗೆ ಮುಗಿಯಬೇಕು. ಎದ್ದು ಕೈ ಮುಖ ಕಾಲು ತೊಳೆದು ವಜೂ ಮಾಡಿ, ಎರಡೆರಡು ರಕಾತಿನಂತೆ ಮಾಡುತ್ತ ಹೋಗುವುದು; ನಿಂತು ಓದಿ, ಬಾಗಿ, ಹಣೆ ನೆಲಕ್ಕೆ ಊರಿದರೆ ಒಂದು ರಕಾತು. ಎರಡು ಮಾಡಿದರೂ ಆಯಿತು, ನಾಲ್ಕಾದರೂ ಆಯಿತು, ಹೆಚ್ಚಿನವರು ಎಂಟು ಮಾಡುತ್ತಾರೆ. ಪ್ರತಿ ರಕಾತಿನಲ್ಲಿ ಕುರಾನಿನ ಮೊದಲ ಅಧ್ಯಾಯವಾದ ಅಲ್ಹಮ್ದು ಓದಿ, ಆಮೇಲೆ ನಮಗೆ ಬಾಯಿಪಾಠ ಬರುವ ಇನ್ನಾವುದಾದರೂ ಸೂರಾ. ನಿಯ್ಯತ್ತು, ಅಂದರೆ ಸಂಕಲ್ಪ, ಮನಸ್ಸಿನಲ್ಲಿದ್ದರೆ ಸಾಕು, ಬಾಯಿಬಿಟ್ಟು ಹೇಳಬೇಕೆಂದೇನಿಲ್ಲ.

"ಗಡಿಬಿಡಿ ಮಾಡಬ್ಯಾಡ," ಅಂದರು ಅತ್ತೆ. "ಹಣಿ ನೆಲಕ್ಕ ಹಚ್ಚಿ ಸಜದಾಕ್ಕ ಹೋದಾಗ ತಲಿ ಲಗೂನ ಎತ್ತಬ್ಯಾಡ. ಓದೂದು ನಿನ್ನ ಕಿವಿಗೆ ಕೇಳಿಸಿದ್ರ ಸಾಕು, ಮಲಗಿದವರನ್ನ ಎಬ್ಬಿಸಬ್ಯಾಡ. ನಮಾಜಿನ್ಯಾಗ ಅರಬ್ಬಿ. ಸಲಾಮ್ ಹೇಳಿ ಮುಗಿಸಿದ ಮ್ಯಾಲ ಕೈ ಎತ್ತಿ ಕನ್ನಡದಾಗ ಕೇಳು. ಅವಗ ಎಲ್ಲಾ ತಿಳೀತದ."

"ವಿತ್ರ್ ಯಾವಾಗ್ರಿ?" ಇಶಾದ ಕೊನೆಯಲ್ಲಿ ಮಾಡುವ ಮೂರು ರಕಾತು ಅದು, ಬಿಡುವ ಹಾಗಿಲ್ಲ.

"ಏಳ್ತೇನಿ ಅಂತ ಧೈರ್ಯ ಇದ್ದವರು ಅದನ್ನ ರಾತ್ರಿಗೆ ಇಟಗೊಂಡು, ತಹಜ್ಜುದ್ ಆದಮ್ಯಾಲ ಕಡೀಕ ಮಾಡ್ತಾರ. ನಿನ್ನಂಥಾಕಿ ಮಾಡೇ ಮಲಗಬೇಕು. ಮಲಗೂ ಮುಂದ ಮಾಡಿದ್ರ, ಎದ್ದು ಮತ್ತೊಮ್ಮಿ ಮಾಡೂದಿಲ್ಲ. ಇನ್ನೊಂದು ಮಾತು. ನಿಂತಲ್ಲೇ ತೂಕಡಿಕಿ ಬಂದ್ರ ಹೋಗಿ ಮಲಕ್ಕೋ. ನಿದ್ದಿಗಣ್ಣಾಗ ಮಾಫಿ ಕೇಳಾಕ ಹೋಗಿ ನಿನಗ ನೀನs ಶಾಪ ಹಾಕ್ಕೊಂಡೀ."

ಮೊದಲ ರಾತ್ರಿ ನಾಲ್ಕೂವರೆಗೆ ಅಲಾರ್ಮ್ ಬಡಿದಾಗ ಎದ್ದವರು ನನ್ನ ಗಂಡ, ಮಗಳು, ಮತ್ತು ಪಕ್ಕದ ಮನೆಯ ನಾಯಿ. ನಾನು ಏಳಲಿಲ್ಲ. ಗಂಡ ನನ್ನ ಭುಜ ಅಲುಗಾಡಿಸಿ, "ಏಳ ಮಾರಾಯ್ತಿ, ಅಲ್ಲಾ ಕಾಯಾಕತ್ತಾನ, ನನಗ ಮುಂಜಾನಿ ಕೆಲಸ ಐತಿ," ಅಂದರು. ಎದ್ದು ಕತ್ತಲಲ್ಲಿ ಬಚ್ಚಲಿನ ತಂಬಿಗೆ ಒದ್ದೆ. ಜನವರಿಯ ತಣ್ಣೀರು ಮೊಣಕೈಗೆ ತಾಗಿದಾಗ ಬಾಯಿಗೆ ಬಂದ ಬೈಗುಳವನ್ನು ಕಷ್ಟಪಟ್ಟು ನುಂಗಿದೆ. ಎರಡು ರಕಾತು ಮಾಡಿ, ಕೈ ಎತ್ತಿ, ಅಕ್ಕ ಬದುಕಲಿ ಎಂದು ಕೇಳಿದೆ. ಮೂರನೆಯ ರಾತ್ರಿಯಿಂದ ಮೊಬೈಲನ್ನು ದಿಂಬಿನ ಕೆಳಗೆ ಬರೀ ನಡುಗುವಂತೆ ಇಟ್ಟುಕೊಂಡೆ. ನಾಲ್ಕು ರಕಾತಿಗೆ ಬಂದೆ, ವಾರವಾಗುವಷ್ಟರಲ್ಲಿ ಎಂಟಕ್ಕೆ ಬಂದೆ. ಒಳಗೊಳಗೇ ಜಂಬವೂ ಬಂತು, ಸುಳ್ಳೇಕೆ ಹೇಳಲಿ.

ಆದರೆ ನಾನು ಕೇಳುತ್ತಿದ್ದುದರಲ್ಲಿ ಒಂದು ಮಸಲತ್ತು ಇತ್ತು. ಅಕ್ಕ ಬದುಕಲಿ ಎಂಬುದು ಮೊದಲನೆಯದು. ಎರಡನೆಯದು, ಅವಳ ಮನಸ್ಸು ಮೆತ್ತಗಾಗಲಿ, ಅವಳೇ ಒಂದು ಫೋನು ಮಾಡಲಿ. ನಾನು ಅವಳ ಎದುರು ಹೋಗಿ ನಿಲ್ಲುವ ಪ್ರಸಂಗ ಬರದಂತೆ ದೇವರು ನಡುವೆ ನಿಂತು ಇದನ್ನು ಮುಗಿಸಿಕೊಡಲಿ ಎಂಬುದು ನನ್ನ ಲೆಕ್ಕಾಚಾರ. ದಿನಕ್ಕೆ ಹತ್ತು ಸಲ ಮೊಬೈಲು ನೋಡುತ್ತಿದ್ದೆ. ಫೋನು ಬರಲಿಲ್ಲ. ಬಸ್ಸು ಹತ್ತಿದರೆ ಮುಕ್ಕಾಲು ತಾಸಿನ ದಾರಿ. ನಾನು ಹತ್ತಲಿಲ್ಲ.

ಆಪರೇಷನ್ನಿಗೆ ಇನ್ನು ಐದು ದಿನ ಇದ್ದಾಗ ನಾನು ಶಾಣ್ಯಾತನ ಮಾಡಿದೆ. ಹನ್ನೊಂದು ರಾತ್ರಿ ತಪ್ಪದೆ ಎದ್ದಿದ್ದೇನೆ, ಇನ್ನು ನಾನೂ ಧೈರ್ಯ ಇದ್ದವರ ಸಾಲಿಗೆ ಸೇರಿದೆ ಅಂದುಕೊಂಡು, ಅತ್ತೆಗೆ ಹೇಳದೆ ವಿತ್ರನ್ನು ರಾತ್ರಿಗೆ ಉಳಿಸಿಕೊಂಡು ಮಲಗಿದೆ. ಆವತ್ತು ಮದುವೆಮನೆಯೊಂದಕ್ಕೆ ಹತ್ತು ಗಾದಿ ಕೊಡುವುದಿತ್ತು, ರಾತ್ರಿ ಹತ್ತೂವರೆತನಕ ಹೊಲಿದಿದ್ದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ಏಳೂಕಾಲು! ಮೊಬೈಲು ದಿಂಬಿನ ಕೆಳಗಿನಿಂದ ಜಾರಿ ಗಾದಿಯ ಸಂದಿಯಲ್ಲಿ ಬಿದ್ದು ನಡುಗಿ ನಡುಗಿ ಸುಮ್ಮನಾಗಿತ್ತು. ತಹಜ್ಜುದ್ ಹೋಯಿತು, ವಿತ್ರ್ ಹೋಯಿತು, ಫಜರ್ ಕೂಡ ಹೋಯಿತು. ಕಡ್ಡಾಯವಲ್ಲದ್ದನ್ನು ಮಾಡಲು ಹೋಗಿ, ಬಿಡಬಾರದ ಎರಡನ್ನೂ ಬಿಟ್ಟಿದ್ದೆ. ಗಂಡ ಮಸೀದಿಯಿಂದ ಹಾಗೇ ಅಂಗಡಿಗೆ ಹೋಗಿದ್ದರು; ನಾನು ಎದ್ದು ಮಾಡಿ ಮತ್ತೆ ಮಲಗಿದ್ದೇನೆ ಅಂದುಕೊಂಡಿದ್ದರಂತೆ.

ಓಡಿಹೋಗಿ ಅತ್ತೆಯ ಮುಂದೆ ಕೂತೆ. "ಎಲ್ಲಾ ಕೆಟ್ಟೋತ್ರಿ. ಹನ್ನೊಂದು ದಿನ ಮಾಡಿದ್ದು ಮಣ್ಣುಪಾಲಾತು. ಅಕ್ಕಗ ಏನರ ಆದ್ರ ನನ್ನಿಂದನs ಆದಂಗ." ಚಿಕ್ಕ ಹುಡುಗಿಯಂತೆ ಅಳುತ್ತಿದ್ದೆ.

ಅತ್ತೆಗೆ ನಗು ಬಂತು. "ಅಳೂದು ಬಿಟ್ಟು ವಜೂ ಮಾಡು. ಮೊದಲ ವಿತ್ರ್ ಮಾಡು, ಆಮ್ಯಾಲ ಫಜರ್ ಮಾಡು. ತಹಜ್ಜುದ್ ನಾಳಿ ಐತಿ. ಮಲಗಿದ್ದಿ, ಎಚ್ಚರ ಆಗಲಿಲ್ಲ. ಬೇಕಂತ ಬಿಟ್ಟಿಯೇನು? ಮಲಗಿದವರು ಏಳೂತನಕಾ ಅವರ ಮ್ಯಾಲ ತಪ್ಪು ಬರಿಯೂದಿಲ್ಲ ಅಂತ ನಮ್ಮ ಪೈಗಂಬರರೇ ಹೇಳ್ಯಾರ. ದಣದಿದ್ದಿ ತಾಯಿ. ದಣದಾಕಿಗೆ ನಿದ್ದಿ ಬಂದ್ರ ಅದಕ್ಕ ಯಾರೇನು ಮಾಡಬೇಕು?"

ನಾನು ಎದ್ದು ಬಚ್ಚಲಿಗೆ ಹೋದೆ. ನಳ ತಿರುಗಿಸಿ ಕೈ ತೊಳೆಯುತ್ತಿದ್ದಾಗ ಅತ್ತೆಯ ಮಾತು ನನಗೆ ತಾಗಿತು. ನಾನು ದಣಿದದ್ದು ಹತ್ತು ಗಾದಿ ಹೊಲಿದು. ಅಕ್ಕ ಹನ್ನೊಂದು ತಿಂಗಳು ಎರಡೆರಡು ತಾಸಿಗೆ ಎದ್ದಿದ್ದಳು, ಒಂದೇ ಒಂದು ರಾತ್ರಿ ಎರಡು ತಾಸು ಗೋಡೆಗೆ ಒರಗಿದ್ದಳು. ಮೇಲಿನವನು ಬರೆದುಕೊಳ್ಳದ ತಪ್ಪನ್ನು ನಾನು ಊಟಕ್ಕೆ ಕೂತ ನಲವತ್ತು ಜನರಿಗೆ ಓದಿ ಹೇಳಿದ್ದೆ. ನಳ ಹರಿಯುತ್ತಲೇ ಇತ್ತು, ನಾನು ಅಲ್ಲೇ ಕುಕ್ಕರಿಸಿದೆ.

ನಮಾಜು ಮುಗಿಸಿ ಬಂದು ಅತ್ತೆಗೆ ಇದನ್ನು ಹೇಳಿದೆ. ಅವರು ಈ ಸಲ ನಗಲಿಲ್ಲ. "ನಾ ಮೊದಲನೇ ದಿನಾನೇ ಹೇಳಬೇಕಂತಿದ್ದೆ. ಹೇಳಿದ್ರ ನೀ ಕೇಳಾಕಿ ಅಲ್ಲ. ನಮಾಜು ರೋಜಾದಾಗ ತಪ್ಪಾದ್ರ ಅವನು ಮಾಫ್ ಮಾಡ್ತಾನ. ಮನಶ್ಯಾನ ಮನಸ್ಸು ಮುರದ್ರ, ಆ ಮನಶ್ಯಾ ಮಾಫ್ ಮಾಡೂತನಕಾ ಅವನೂ ಕಾಯ್ತಾನ. ರಾತ್ರಿ ಎದ್ದು ಎಷ್ಟು ಅತ್ರೂ ಅಕ್ಕನ ಮನಿಗೆ ಹೋಗೂದು ತಪ್ಪೂದಿಲ್ಲ."

ಇಷ್ಟಾದ ಮೇಲೂ ನಾನು ಮೂರು ದಿನ ತಳ್ಳಿದೆ. ಹೋಗಬೇಕೆಂದು ಬುರ್ಖಾ ಹಾಕಿಕೊಳ್ಳುವುದು, ಬಿಚ್ಚುವುದು. ಸಿಟ್ಟಿಗೆ ಓಡುವ ಕಾಲು ಮಾಫಿಗೆ ಓಡುವುದಿಲ್ಲ. ಕೊನೆಗೆ ಆಪರೇಷನ್ನಿನ ಹಿಂದಿನ ದಿನ ಸಂಜೆ, ಗಂಡನೇ ಕೈಹಿಡಿದು ಬಸ್ಸು ಹತ್ತಿಸಿದರು.

ಸತ್ತೂರಿನಲ್ಲಿ ಹೆಂಗಸರ ವಾರ್ಡಿಗೆ ಹೋಗುವ ಹೊತ್ತಿಗೆ ಭೇಟಿಯ ಸಮಯ. ಅಕ್ಕನ ಮಂಚದ ಸುತ್ತ ದೊಡ್ಡಮ್ಮ, ಅವರ ಸೊಸೆಯರು, ಸೋದರಮಾವ, ಭಾವ, ಎಲ್ಲ ಸೇರಿ ಎಂಟೊಂಬತ್ತು ಜನ ನಿಂತಿದ್ದರು. ಅಕ್ಕ ಅರ್ಧ ಆಗಿದ್ದಳು. ಆಸ್ಪತ್ರೆಯ ಹಸಿರು ಅಂಗಿ ಅವಳ ಹೆಗಲಿಂದ ಜಾರುತ್ತಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ, "ಅಕ್ಕಾ, ಮಾಫ್ ಮಾಡು," ಅಂದೆ.

ಅವಳು ಮೂರು ವರ್ಷದ ಮೇಲೆ ನನ್ನ ಜೊತೆ ಮಾತಾಡಿದಳು. "ಕಿವ್ಯಾಗ ಯಾಕ ಹೇಳ್ತಿ? ಆವತ್ತು ಕಿವ್ಯಾಗ ಹೇಳಿದ್ದಿಯೇನು?"

ನನಗೆ ಮೈ ಉರಿಯಿತು. ಆಸ್ಪತ್ರೆಯ ಮಂಚದ ಮೇಲೆ ಕೂತೂ ಸೊಕ್ಕು ನೋಡು ಎಂದು ಒಂದು ಗಳಿಗೆ ಅನ್ನಿಸಿತು, ಬಾಯಿ ತೆರೆದೂ ಬಿಟ್ಟಿದ್ದೆ. ಆದರೆ ಅವಳು ಹೇಳಿದ್ದು ನ್ಯಾಯದ ಮಾತು. ಆವತ್ತು ಇದ್ದವರಲ್ಲಿ ಮುಖ್ಯರಾದವರೆಲ್ಲ ಇಲ್ಲೇ ಇದ್ದರು. ನಾನು ತಿರುಗಿ ನಿಂತು, ಪಕ್ಕದ ಮಂಚದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಎಲ್ಲಾರೂ ಕೇಳ್ರಿ. ಅವ್ವನ್ನ ನೋಡಕೊಂಡಾಕಿ ಅಕ್ಕ. ನಾ ಬರೇ ವಾರಕ್ಕೊಮ್ಮಿ ಬಂದು ಅತ್ತು ಹೋದಾಕಿ. ಅವ್ವ ಹೋದ ರಾತ್ರಿ ಅಕ್ಕ ದಣದು ಮಲಗಿದ್ಲು, ಅದು ತಪ್ಪಲ್ಲ. ಹೊಟ್ಟೀಕಿಚ್ಚಿಗೆ ನಾ ಅಂದಿದ್ದು ತಪ್ಪು. ಆ ಮಾತು ನಾ ವಾಪಸ್ ತಗೊಂಡೇನಿ."

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಸೋದರಮಾವ ಕೆಮ್ಮಿದರು. ಭೇಟಿಯ ಸಮಯ ಮುಗಿದು ಕಾವಲಿನ ಹೆಂಗಸು ಎಲ್ಲರನ್ನೂ ಹೊರಗೆ ಹಾಕುತ್ತ, ರಾತ್ರಿ ಒಬ್ಬರೇ ಇರಬೇಕು, ಯಾರು ಇರುತ್ತೀರಿ ಎಂದಾಗ ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

ಆಪರೇಷನ್ ಸುಸೂತ್ರವಾಯಿತು, ಅಕ್ಕ ಈಗ ಚೆನ್ನಾಗಿದ್ದಾಳೆ. ಓದುವವರು ಜೀವ ಹಿಡಿದುಕೊಳ್ಳುವುದು ಬೇಡ ಎಂದು ಇಲ್ಲೇ ಹೇಳಿದೆ. ನಾನು ಹೇಳಬೇಕಾದದ್ದು ಅದರ ಹಿಂದಿನ ರಾತ್ರಿಯದು.

ಒಂಬತ್ತಕ್ಕೆ ದೀಪ ಸಣ್ಣ ಮಾಡಿದರು. ನಾನು ಸ್ಟೂಲಿನ ಮೇಲೆ ಕೂತೆ. ಅಕ್ಕ ಚಾವಣಿ ನೋಡುತ್ತ ಮಲಗಿದ್ದಳು. "ಮಲಕ್ಕೋ ಅಕ್ಕ," ಅಂದೆ.

"ನನಗ ನಿದ್ದಿ ಬರೂದಿಲ್ಲ," ಅಂದಳು. "ಮೂರು ವರ್ಷ ಆತು. ಎರಡು ಗಂಟೆಕ್ಕ ಎಚ್ಚರಾಗತೈತಿ. ಎದ್ದು ಕೂಡತೇನಿ. ಓಣ್ಯಾಗ ಎಲ್ಲಾರೂ ಇಕಿ ಭಾಳ ತಹಜ್ಜುದ್ ಮಾಡ್ತಾಳ, ದೊಡ್ಡ ಅಲ್ಲಾವಾಲಿ ಅಂತಾರ. ನಮಾಜು ಎಲ್ಲಿದು? ಮಲಗಿದ್ರ ಯಾರರ ಸಾಯ್ತಾರೇನೋ ಅಂತ ಹೆದರಿ ಕೂತಿರ್ತೇನಿ."

ನನ್ನ ಬಾಯಿಯಿಂದ ಆವತ್ತು ಹೊರಟದ್ದು ಎರಡೇ ಸಾಲು. ಅವು ಮೂರು ವರ್ಷ ಅವಳನ್ನು ಮಲಗಲು ಬಿಟ್ಟಿರಲಿಲ್ಲ. ನಾನು ಅವಳ ಪಾದ ಒತ್ತತೊಡಗಿದೆ. "ನಾ ಎಚ್ಚರ ಇರ್ತೇನಿ," ಅಂದೆ. "ನೀ ಕಣ್ಣು ಮುಚ್ಚು." ಅವಳು, "ನೀನು? ಎಚ್ಚರ?" ಎಂದು ಸಣ್ಣದಾಗಿ ನಕ್ಕಳು. ನಕ್ಕಿದ್ದು ನೋಡಿ ನನಗೆ ಅಳು ಬಂತು.

ಹನ್ನೊಂದರ ಮೇಲೆ ಯಾವಾಗಲೋ ಅವಳ ಉಸಿರು ನಿಧಾನವಾಯಿತು. ಬಾಯಿ ಸ್ವಲ್ಪ ತೆರೆಯಿತು, ಗೊರಕೆ ಶುರುವಾಯಿತು. ನಾನು ಮಿಸುಕಾಡಲಿಲ್ಲ. ಎರಡು ಬಾರಿಸಿತು, ಅವಳು ಏಳಲಿಲ್ಲ. ನಾಲ್ಕಕ್ಕೆ ನಾನು ಮೆಲ್ಲಗೆ ಹೋಗಿ ವಜೂ ಮಾಡಿ ಬಂದೆ. ನಮಾಜಿಗೆ ಮುಖ ಮಾಡಬೇಕಾದ ಪಡುವಣ ಯಾವ ಕಡೆ ಎಂದು ಕಾವಲಿನ ಹೆಂಗಸನ್ನು ಕೇಳಿ, ಮಂಚಕ್ಕೂ ಗೋಡೆಗೂ ನಡುವೆ ಇದ್ದ ಜಾಗದಲ್ಲಿ ದುಪಟ್ಟಾ ಹಾಸಿದೆ. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲವಾದ್ದರಿಂದ ಅತ್ತೆಯ ಲೆಕ್ಕದಲ್ಲಿ ಅದು ತಹಜ್ಜುದ್ ಅಲ್ಲ. ಎರಡು ರಕಾತು ಮಾಡಿದೆ. ಸಲಾಮ್ ಹೇಳಿ ಕೈ ಎತ್ತುವಷ್ಟರಲ್ಲಿ ಮೇಲೆ ಮಂಚ ಕಿರ್ ಎಂದಿತು. ಅಕ್ಕ ಗಾಬರಿಯಿಂದ ಎದ್ದು ಕೂತಿದ್ದಳು. ಕತ್ತಲಲ್ಲಿ ಕೈ ಚಾಚಿ ಪಕ್ಕದಲ್ಲಿ ಯಾರನ್ನೋ ಹುಡುಕುತ್ತಿದ್ದಳು.

"ಅಯ್ಯ, ನಾ ಮಲಗಿಬಿಟ್ಟಿದ್ನೇನು?"

ನಾನು ಆ ಕೈ ಹಿಡಿದುಕೊಂಡೆ. "ಹೌದು, ಮಲಗಿದ್ದಿ. ಏನೂ ಆಗಿಲ್ಲ. ಇನ್ನೂ ಹೊತ್ತೈತಿ, ಮಲಕ್ಕೋ."